ದೋಣಿಯ ಹಿಂಬದಿ ಕೊಳೆತಾಗ: ಕತ್ತರಿಸೋ ಮುಂಚೆ ಬಡಿದು ನೋಡಿ

ಕಲಬುರಗಿಯ ಹುಮನಾಬಾದ್ ರಸ್ತೆಯಲ್ಲಿ ನನ್ನದೊಂದು ಸಣ್ಣ ಫೈಬರ್ ಶೆಡ್ ಇದೆ. ಕೂಲರ್ ಬಾಡಿ, ನೀರಿನ ಟ್ಯಾಂಕ್, ಬಾತ್‌ರೂಮ್ ಬಾಗಿಲು, ಇದೇ ನಮ್ಮ ದಿನದ ಕೆಲಸ. ಈ ಬಿಸಿಲೂರಲ್ಲಿ ದೋಣಿ ರಿಪೇರಿನಾ ಅಂತ ನಗಬೇಡಿ. ಬೀದರ್ ಕಡೆ ಕಾರಂಜಾ ಹಿನ್ನೀರಿದೆ, ಯಾದಗಿರಿ ಕಡೆ ನಾರಾಯಣಪುರದ ಜಲಾಶಯವಿದೆ, ಇಲ್ಲೇ ಹತ್ತಿರ ಬೆಣ್ಣೆತೊರಾ ಇದೆ. ನನಗೆ ಈ ಕೆಲಸ ಅಂಟಿದ್ದು ನಮ್ಮ ಸೋದರಮಾವನಿಂದ. ಕಾರಂಜಾದಲ್ಲಿ ಮೀನು ಹಿಡಿಯೋಕೆ ಅವರು ಕರಾವಳಿಯಿಂದ 14 ಅಡಿಯ ಹಳೇ ಫೈಬರ್ ದೋಣಿ ತಂದಿದ್ದರು, ಜೊತೆಗೆ 25 ಎಚ್‌ಪಿ ಮೋಟರ್. ಒಂದು ದಿನ ಫೋನ್ ಬಂತು: "ಅಳಿಯಾ, ಗೇರ್ ಹಾಕಿದ್ರ ಮೋಟರ್ ತಲಿ ಅಲ್ಲಾಡಸ್ತದ ನೋಡು."

ತಲೆ ಅಲ್ಲಾಡಿಸಿದ್ದು ಮೋಟರ್ ಅಲ್ಲ, ಅದು ಕೂತಿದ್ದ ದೋಣಿಯ ಹಿಂಬದಿಯ ಗೋಡೆ. ಅದಕ್ಕೆ ಟ್ರಾನ್ಸಮ್ ಅಂತಾರೆ. ಹೊರಗಿನಿಂದ ನೋಡಿದರೆ ಪೂರ್ತಿ ಫೈಬರ್ ಅನಿಸುತ್ತದೆ. ಆದರೆ ಹಳೇ ದೋಣಿಗಳಲ್ಲಿ ಹೆಚ್ಚಾಗಿ ಎರಡು ಫೈಬರ್ ಪದರಗಳ ನಡುವೆ ಸುಮಾರು ಒಂದೂವರೆ ಇಂಚಿನ ಪ್ಲೈವುಡ್ ಇರುತ್ತದೆ. 50 ಕೆಜಿ ತೂಗುವ ಮೋಟರಿನ ಭಾರ, ಅದು ದೋಣಿಯನ್ನು ದೂಡುವ ಬಲ, ಎಲ್ಲವೂ ಆ ಪ್ಲೈ ಮೇಲೆ. ಮೋಟರಿನ ಬೋಲ್ಟ್ ತೂತು, ನೀರು ಬಿಡುವ ತೂತು, ಯಾರೋ ಎಂದೋ ಹೊಡೆದು ಕಿತ್ತ ಸ್ಕ್ರೂ ತೂತು, ಇವುಗಳಿಂದ ನೀರು ಒಳಗೆ ಇಳಿಯುತ್ತದೆ. ಇಳಿದ ನೀರಿಗೆ ಹೊರಬರೋಕೆ ದಾರಿ ಇಲ್ಲ. ನಮ್ಮ ಮೇ ತಿಂಗಳ ಬಿಸಿಲಿಗೂ ಅದು ಆರುವುದಿಲ್ಲ, ಎರಡೂ ಕಡೆ ಫೈಬರ್ ಮುಚ್ಚಿಕೊಂಡಿದೆಯಲ್ಲ.

ಮೊದಲ ಸಲ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಮೆತ್ತಗಾದ ಜಾಗದಲ್ಲಿ ಹತ್ತಾರು ತೂತು ಹೊಡೆದೆ. ತೆಳುವಾದ ಎಪಾಕ್ಸಿ, ಅಂದರೆ ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಅಂಟು, ಕುಡಿಸಿದೆ. ಮೇಲೆ ಒಂದು ಅಲ್ಯೂಮಿನಿಯಂ ತಗಡು ಬಿಗಿದೆ. ನೋಡೋಕೆ ಭಾರಿ ಗಟ್ಟಿ. ಒಂದೇ ಮಳೆಗಾಲ ಬಾಳಿತು. ತೆರೆದು ನೋಡಿದರೆ ತೂತಿನ ಸುತ್ತ ಮಾತ್ರ ಗಾಜಿನಂಥ ಗೂಟಗಳು, ನಡುವೆಲ್ಲಾ ಅದೇ ಕೊಳೆತ ಮರ. ಒದ್ದೆ ಮರದೊಳಗೆ ಎಪಾಕ್ಸಿ ಹೋಗುವುದಿಲ್ಲ. ಹೋದಷ್ಟೂ ಆ ಮರಕ್ಕೆ ಕಳೆದುಹೋದ ಬಲ ವಾಪಸ್ ಬರುವುದಿಲ್ಲ. ತಗಡು ಹುಳುಕು ಹಲ್ಲಿಗೆ ಹಾಕಿದ ಬಂಗಾರದ ಟೋಪಿ, ಅಷ್ಟೇ.

ಹಾಗಾಗಿ ಈಗ ಮೊದಲು ಪರೀಕ್ಷೆ. ಸಂತೆಯಲ್ಲಿ ಗಡಿಗೆ ಬಡಿದು ನೋಡಿ ಕೊಳ್ಳುತ್ತೇವಲ್ಲ, ಅದೇ ವಿದ್ಯೆ. ಸುತ್ತಿಗೆಯ ಹಿಡಿಯಿಂದ ಟ್ರಾನ್ಸಮ್ ಉದ್ದಕ್ಕೂ ಬಡಿಯುತ್ತಾ ಹೋಗಿ. ಒಳ್ಳೆ ಮರ ಟಕ್ ಟಕ್ ಅಂತ ಚುರುಕಾಗಿ ಕೇಳುತ್ತದೆ. ಕೊಳೆತ ಕಡೆ ದಬ್ ಅಂತ ಸದ್ದು ಸತ್ತುಹೋಗುತ್ತದೆ. ಸದ್ದು ಬದಲಾದ ಕಡೆ ಸೀಮೆಸುಣ್ಣದ ಗೆರೆ ಎಳೆಯಿರಿ. ಆಮೇಲೆ ದೋಣಿಯನ್ನು ದಿಮ್ಮಿ ಮೇಲೆ ಭದ್ರವಾಗಿ ನಿಲ್ಲಿಸಿ, ಮೋಟರನ್ನು ಅರ್ಧ ಎತ್ತಿ ಅದರ ಕೆಳತುದಿಯನ್ನು ಕೈಯಿಂದ ಒತ್ತಿ. ಇನ್ನೊಬ್ಬರು ಟ್ರಾನ್ಸಮ್ ಮೇಲೆ ಕಣ್ಣಿಟ್ಟಿರಲಿ. ಗೋಡೆ ಬಾಗಿದರೆ, ಮೂಲೆಯ ಬಿರುಕು ಬಾಯಿ ಬಿಟ್ಟರೆ, ಬೋಲ್ಟಿನ ವಾಷರ್ ಫೈಬರಿನೊಳಗೆ ಕುಸಿದಿದ್ದರೆ, ಆ ದೋಣಿ ನೀರಿಗಿಳಿಸಬೇಡಿ. ಮೋಟರ್ ಕಿತ್ತುಕೊಂಡು ಕೆರೆಯ ತಳ ಸೇರಬಹುದು.

ಖಾತ್ರಿ ಆಗೋದು ಡ್ರಿಲ್‌ನಿಂದ. 6 ಎಂಎಂ ಬಿಟ್‌ಗೆ ಟೇಪ್ ಸುತ್ತಿ ಆಳ ಗುರುತು ಮಾಡಿಕೊಳ್ಳಿ, ಹೊರಗಿನ ಪದರ ತೂತಾಗಬಾರದು. ದೋಣಿಯ ಒಳಗಿನಿಂದ, ಗೇಣಿಗೊಂದರಂತೆ ತೂತು ಹೊಡೆಯಿರಿ. ಕೆಳಗಿನ ಮೂಲೆಗಳಿಂದ ಶುರು ಮಾಡಿ, ನೀರು ನಿಲ್ಲುವುದು ಅಲ್ಲೇ. ಬರುವ ಹೊಟ್ಟು ಒಣಗಿ ತಿಳಿಬಣ್ಣ ಇದ್ದರೆ ಮರ ಬದುಕಿದೆ. ಚಹಾ ಸೋಸಿದ ಮೇಲೆ ಉಳಿಯುವ ಚರಟದ ಹಾಗೆ ಕಪ್ಪಗೆ, ಒದ್ದೆಯಾಗಿ ಬಂದರೆ ಸತ್ತಿದೆ. ಮಾಮಾನ ದೋಣಿಯಲ್ಲಿ 11 ತೂತು ಹೊಡೆದೆ, 8ರಲ್ಲಿ ಚಹಾ ಚರಟವೇ ಬಂತು. ಕಣ್ಣಿಗೆ ಕಾಣುತ್ತಿದ್ದ ಬಿರುಕು ಮಾತ್ರ ನಾಲ್ಕು ಬೆರಳಷ್ಟು!

ಈಗ ನಿರ್ಧಾರ. ಕೇಳಿಕೊಳ್ಳಬೇಕಾದದ್ದು ಎರಡೇ: ಒದ್ದೆ ಎಲ್ಲಿವರೆಗೆ ಹೋಗಿದೆ, ಯಾವ ಕಡೆಯಿಂದ ಕೈ ಆಡುತ್ತದೆ.

ಅಂಗೈಯಗಲ ಮಾತ್ರ ಕೊಳೆತಿದೆ, ಅದೂ ಮೋಟರಿನ ಬೋಲ್ಟುಗಳಿಂದ ದೂರ, ನೀರು ಬಿಡುವ ತೂತಿನ ಸುತ್ತ ಅಂತಿಟ್ಟುಕೊಳ್ಳಿ. ಒಳಪದರ ಕತ್ತರಿಸಿ, ಒಣ ಮರ ಸಿಗುವವರೆಗೆ ಕೆದರಿ, ಹೊಸ ಪ್ಲೈ ತುಂಡು ಎಪಾಕ್ಸಿಯಲ್ಲಿ ಕೂರಿಸಿ ಫೈಬರ್ ಹಚ್ಚಿದರೆ ಸಾಕು. ಬೋಲ್ಟಿನ ಹತ್ತಿರ ಕೊಳೆತಿದ್ದರೆ ತೇಪೆಯ ಮಾತೇ ಬೇಡ, ಪೂರ್ತಿ ಮರ ಬದಲಿಸಿ.

ಪೂರ್ತಿ ಅಂದಾಗ ನನ್ನ ಮನಸ್ಸು ಯಾವತ್ತೂ ಒಳಗಿನಿಂದ ಕತ್ತರಿಸುವ ಕಡೆಗೇ. ಹೊರಗಿನ ಪದರ ಹಾಗೇ ಉಳಿಯುತ್ತದೆ, ಅದೇ ಹೊಸ ಮರಕ್ಕೆ ಅಚ್ಚು. ಬಣ್ಣದ ಕೆಲಸವೂ ಕಡಿಮೆ. ಸೀಟು, ಡೆಕ್ಕು ಅಡ್ಡ ಬಂದು ಒಳಗೆ ಕೈಯೇ ಆಡದಿದ್ದರೆ ಹೊರಗಿನಿಂದ ಕತ್ತರಿಸಿ. ಆಗ ಅಂಚಿನಲ್ಲಿ ಸುತ್ತಲೂ ಎರಡು ಮೂರು ಇಂಚು ಹಳೇ ಪದರ ಬಿಡಿ, ಹೊಸ ಫೈಬರ್ ಅದರ ಮೇಲೆ ಹತ್ತಬೇಕು. ಮೇಲಿಂದ ಮರ ಕೆದರಿ ತೆಗೆದು, ಗಟ್ಟಿಯಾಗುವ ದ್ರವ ಸುರಿಯುವ ಪದ್ಧತಿಯೂ ಇದೆ. ಎರಡೂ ಪದರ ಚೆನ್ನಾಗಿದ್ದರೆ ಮಾತ್ರ ಅದು ನಡೆಯುತ್ತದೆ. ತಳದ ಮೂಲೆಯಲ್ಲಿ ಕೊಳೆತ ಮರ ಉಳಿದರೆ ಗೊತ್ತೇ ಆಗುವುದಿಲ್ಲ, ಅದಕ್ಕೇ ನನಗೆ ಅದರ ಮೇಲೆ ನಂಬಿಕೆ ಕಡಿಮೆ.

ಇನ್ನೊಂದು ಮಾತು. ಟ್ರಾನ್ಸಮ್‌ಗೆ ಬಂದು ಸೇರುವ ತಳದ ಉದ್ದ ತೊಲೆಗಳಿಗೂ ಒಂದೊಂದು ತೂತು ಹೊಡೆದು ನೋಡಿ. ಅವೂ ಕೊಳೆತು, ನೆಲವೂ ಮೆತ್ತಗಾಗಿದ್ದರೆ ಮೋಟರ್ ಬಿಚ್ಚಿಟ್ಟುಕೊಂಡು ಬೇರೆ ದೋಣಿ ಹುಡುಕುವುದೇ ಲೆಕ್ಕಕ್ಕೆ ಬರುತ್ತದೆ. ಹೇಳಿದರೆ ಮಾಲೀಕರಿಗೆ ಸಿಟ್ಟು ಬರುತ್ತದೆ, ಆದರೂ ಹೇಳುತ್ತೇನೆ.

ಕತ್ತರಿಸುವ ಮುಂಚೆ ಅಳತೆ. ಮೋಟರ್ ಕೂರುವ ಅಂಚಿನ ಎತ್ತರ, ಗೋಡೆಯ ಓರೆ, ಬೋಲ್ಟ್ ತೂತುಗಳ ಜಾಗ, ಎಲ್ಲವನ್ನೂ ಫ್ರಿಜ್ ಡಬ್ಬದ ರಟ್ಟಿನ ಮೇಲೆ ಇಳಿಸಿಕೊಳ್ಳಿ. ಗಿಡ್ಡ ಕಾಲಿನ ಮೋಟರಿಗೆ ಎತ್ತರ ಸಾಮಾನ್ಯವಾಗಿ 15 ಇಂಚು, ಉದ್ದ ಕಾಲಿನದಕ್ಕೆ 20. ಇದು ತಪ್ಪಿದರೆ ನೀರೊಳಗೆ ತಿರುಗುವ ಮೋಟರಿನ ಫ್ಯಾನ್ ಸರಿಯಾದ ಆಳದಲ್ಲಿ ನಿಲ್ಲುವುದಿಲ್ಲ. ಎರಡು ಪಕ್ಕಗಳ ನಡುವೆ ಅಡ್ಡ ಪಟ್ಟಿ ಬಿಗಿದಿಡಿ. ಮರ ಹೊರಬಂದ ಮೇಲೆ ದೋಣಿ ಅಗಲ ಬಿಟ್ಟುಕೊಳ್ಳುತ್ತದೆ.

ಪ್ಲೈ ಕೊಳ್ಳುವಾಗ ಐಎಸ್ 710 ಮುದ್ರೆ ಇದೆಯಾ ನೋಡಿ, ಅದು ಮರೈನ್ ಪ್ಲೈ. ಐಎಸ್ 303 ಮನೆಯ ಕಪಾಟಿಗೆ. "ವಾಟರ್‌ಪ್ರೂಫ್ ಅದ ರೀ" ಅಂದರೆ ಸಾಲದು. 19 ಎಂಎಂನ ಎರಡು ಹಾಳೆ ಅಂಟಿಸಿದರೆ 38 ಎಂಎಂ, ಅಂದರೆ ಸರಿಯಾಗಿ ಒಂದೂವರೆ ಇಂಚು. ಆದರೆ ನಿಮ್ಮ ಹಳೇ ಮರ ಎಷ್ಟಿತ್ತೋ ಅಷ್ಟೇ ಹಾಕಿ. ಕತ್ತರಿಸಿದ ಅಂಚುಗಳಿಗೆ ಎರಡು ಕೈ ಎಪಾಕ್ಸಿ ಕುಡಿಸಿ, ನೀರು ಮೊದಲು ಹೀರುವುದು ಅಂಚೇ.

ರೆಸಿನ್, ಅಂದರೆ ಫೈಬರ್ ಹಚ್ಚುವ ಅಂಟುದ್ರವದ ವಿಷಯದಲ್ಲಿ ನಾನು ಜಿಪುಣತನ ಬಿಟ್ಟೆ. ಕೂಲರ್‌ಗೆ ಬಳಸುವ ಪಾಲಿಯೆಸ್ಟರ್ ಅಗ್ಗ. ಆದರೆ ಮರಕ್ಕೂ ಹಳೇ ಫೈಬರಿಗೂ ಎಪಾಕ್ಸಿ ಹಿಡಿಯುವ ಹಾಗೆ ಅದು ಹಿಡಿಯುವುದಿಲ್ಲ. ಎಪಾಕ್ಸಿ ಜೊತೆ ಮಾಮೂಲಿ ಚೂರೆಳೆ ಮ್ಯಾಟ್ (ಗಾಜಿನೆಳೆಯ ಚೂರು ಅಂಟಿಸಿ ಮಾಡಿದ ಹಾಳೆ) ಬೇಡ. ಅದರ ಅಂಟು ಕರಗೋಕೆ ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್ ಅನ್ನೋ ರಾಸಾಯನಿಕ ಬೇಕು. ನೇಯ್ದ ಬಟ್ಟೆ ತನ್ನಿ. ಅಂಟಿಸೋಕೆ ಎಪಾಕ್ಸಿಗೆ ಏರೋಸಿಲ್ (ಹಗುರವಾದ ಸಿಲಿಕಾ ಪುಡಿ) ಕಲಸಿ ಬೆಣ್ಣೆಯಷ್ಟು ಗಟ್ಟಿ ಮಾಡಿಕೊಳ್ಳಿ. ಬಿಗಿಯುವಾಗ ಎಲ್ಲಾ ಅಂಟು ಹಿಂಡಿ ಹೊರಬರುವಷ್ಟು ಬಿಗಿಯಬೇಡಿ. ಹಳೇ ಫೈಬರಿನ ಅಂಚನ್ನು ಅದರ ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿ: 3 ಎಂಎಂ ಪದರಕ್ಕೆ 36 ಎಂಎಂ. ಉಜ್ಜುವಾಗ ಮಾಸ್ಕ್, ಕನ್ನಡಕ, ತುಂಬುತೋಳಿನ ಅಂಗಿ. ಆ ಧೂಳಿನ ತುರಿಕೆ ಎರಡು ದಿನ ನಿದ್ದೆಗೆಡಿಸುತ್ತದೆ.

ಬೇಸಿಗೆಯಲ್ಲಿ ಬೆಳಿಗ್ಗೆ 8ರೊಳಗೆ ಎಪಾಕ್ಸಿ ಕೆಲಸ ಮುಗಿಸಿ. 40 ಡಿಗ್ರಿ ದಾಟಿದ ಮೇಲೆ ಬಕೆಟ್ಟಿನಲ್ಲಿ ಕಲಸಿಟ್ಟದ್ದು ಕಣ್ಣೆದುರೇ ಕುದಿದು ಹೊಗೆಯಾಡುತ್ತದೆ. ಅಗಲ ತಟ್ಟೆಗೆ ಸುರಿದುಕೊಂಡರೆ ಸ್ವಲ್ಪ ಹೊತ್ತು ತಡೆಯುತ್ತದೆ. ಪಾಲಿಯೆಸ್ಟರ್ ಬಳಸುವವರಿಗೆ ಒಂದು ಎಚ್ಚರಿಕೆ: ಹಾರ್ಡನರ್ ಮತ್ತು ಕೋಬಾಲ್ಟ್ (ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ದ್ರವ) ನೇರವಾಗಿ ಒಂದಕ್ಕೊಂದು ಬೆರೆಸಬೇಡಿ, ಸ್ಫೋಟವಾಗಬಹುದು.

ಬೋಲ್ಟ್ ತೂತುಗಳನ್ನು ಮೊದಲು ದೊಡ್ಡದಾಗಿ ಹೊಡೆದು, ಗಟ್ಟಿ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ ಸರಿ ಅಳತೆಯ ತೂತು ಹೊಡೆಯಿರಿ. ಆಗ ಸೀಲಂಟ್ ಬಿಟ್ಟುಕೊಂಡರೂ ನೀರಿಗೆ ಮರ ಸಿಗುವುದಿಲ್ಲ. ನೀರು ಬಿಡುವ ತೂತಿಗೂ ಹಾಗೇ. ಒಂದು ವಾರ ಬಿಟ್ಟು ಮೋಟರ್ ಏರಿಸಿ, ಅದೇ ಒತ್ತುವ ಪರೀಕ್ಷೆ ಮತ್ತೆ ಮಾಡಿ. ಮಾಮಾ ನನ್ನ ಮಾತು ನಂಬಲಿಲ್ಲ. ತಾವೇ ಮೋಟರಿನ ಕೆಳತುದಿ ಹಿಡಿದು ಮೈಭಾರ ಹಾಕಿ ಒತ್ತಿದರು, ಮೂರು ಸಲ.