ಹೊಲಿಗೆ ಗೆರೆ ಹುಡುಕುತ್ತಾ ಅರ್ಧ ದಿನ

ಕಛ್‌ನ ಜುಮಾರಾ ಗುಡ್ಡದಿಂದ ತಂದ ಅಮೊನೈಟ್‌ಗಳನ್ನು (ಅಳಿದುಹೋದ ಕಡಲಜೀವಿಗಳ ಸುರುಳಿ ಚಿಪ್ಪಿನ ಪಳೆಯುಳಿಕೆಗಳು) ಎಂ.ಎಸ್ಸಿ. ಪ್ರಾಜೆಕ್ಟಿಗೆಂದು ಮೇಜಿನ ಮೇಲೆ ಹರವಿಕೊಂಡೆ. ದೊಡ್ಡವು ಒಂದು ಟ್ರೇ, ಚಿಕ್ಕವು ಇನ್ನೊಂದು. ಚಿಕ್ಕವಕ್ಕೆ ‘ಮರಿಗಳು’ ಎಂದು ಚೀಟಿಯನ್ನೂ ಅಂಟಿಸಿಬಿಟ್ಟೆ.

ಮೊದಲು ನೋಡಿದ್ದು ಹೊಕ್ಕಳು, ಅಂದರೆ ಸುರುಳಿಯ ನಟ್ಟನಡುವಿನ ತಗ್ಗು. ಹೊರಸುತ್ತು ಒಳಸುತ್ತುಗಳನ್ನೆಲ್ಲ ನುಂಗಿ, ನಡುವೆ ಬರೀ ಗುಳಿ ಉಳಿದು, ಸಣ್ಣ ಏಣುಗಳು (ಚಿಪ್ಪಿನ ಮೇಲಿನ ಉಬ್ಬುಗೆರೆಗಳು) ಹೊರ ಅಂಚನ್ನು ದಾಟಿ ಆಚೆ ಬದಿಗೆ ಇಳಿದಿದ್ದರೆ ಮ್ಯಾಕ್ರೊಸೆಫಲೈಟಿಸ್ ಎಂಬ ಕುಲ. ಹಗ್ಗ ಸುತ್ತಿಟ್ಟ ಹಾಗೆ ಎಲ್ಲ ಸುತ್ತೂ ಕಾಣುತ್ತಾ, ಏಣು ಕವಲೊಡೆದಿದ್ದರೆ ಪೆರಿಸ್ಫಿಂಕ್ಟಿಸ್ ಬಳಗ. (ಗಂಡಕಿ ಸಾಲಿಗ್ರಾಮದೊಳಗಿನ ಚಕ್ರವೂ ಇಂಥದ್ದೇ ಸುರುಳಿ. ಅಜ್ಜಿಯ ದೇವರ ಪೆಟ್ಟಿಗೆ ಮುಂದೆ ಅಳೆಯಲು ವರ್ನಿಯರ್ ಹಿಡಿಯುವ ಧೈರ್ಯ ಮಾತ್ರ ನನಗೆ ಬಂದಿಲ್ಲ.)

ಆಕಾರವನ್ನೇ ನಂಬಿಕೊಂಡರೆ ಕೆಟ್ಟೆವು. ಹತ್ತಿರದ ನಂಟೇ ಇಲ್ಲದ ವಂಶಗಳೂ ಒಂದೇ ರೂಪ ತಾಳುತ್ತವೆ. ಅದಕ್ಕೇ ಹೊಲಿಗೆ ಗೆರೆ ಬೇಕು. ಒಳಗಿನ ಅಡ್ಡಗೋಡೆ ಚಿಪ್ಪಿಗೆ ಕೂಡುವ ಜಾಗವದು. ಹೊರಚಿಪ್ಪು ಉದುರಿ, ಒಳಗೆ ತುಂಬಿ ಕಲ್ಲಾದ ಅಚ್ಚು ಉಳಿದಿದ್ದರೆ ಅದರ ಮೇಲಷ್ಟೇ ಕಾಣುತ್ತದೆ. ಫಿಲ್ಲೊಸೆರಾಸ್ ಎಂಬ ಕುಲದಲ್ಲಿ ಆ ಗೆರೆಯ ಏರುಗಳು ದುಂಡನೆಯ ಎಲೆಗಳಂತಿರುತ್ತವೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ.

ದೊಡ್ಡದೊಂದನ್ನು ನೀರಲ್ಲಿ ಒದ್ದೆ ಮಾಡಿ, ಬ್ರಷ್ಷಿನಿಂದ ಉಜ್ಜಿ, ಸೂಜಿಯಿಂದ ಕೆದಕಿ, ಲೆನ್ಸ್ ಹಿಡಿದು ಕೊನೆಯ ಸುತ್ತಿನ ಮೇಲೆ ಅರ್ಧ ದಿನ ಗೆರೆ ಹುಡುಕಿದೆ. ಒಂದೂ ಇಲ್ಲ. ಮೇಷ್ಟ್ರು ಬಂದು ನೋಡಿ ನಕ್ಕರು: “ಪ್ರಾಣಿ ವಾಸ ಮಾಡಿದ ಕೋಣೆ ಕಣಯ್ಯಾ ಅದು. ಅಲ್ಲಿ ಅಡ್ಡಗೋಡೆ ಎಲ್ಲಿಂದ ಬರಬೇಕು? ಹಿಂದಕ್ಕೆ ಹೋಗು.”

ಹಿಂದಕ್ಕೆ ಹೋದೆ. ಗೆರೆಗಳು ಸಿಕ್ಕವು, ಮತ್ತು ಕೊನೆಯ ಮೂರ್ನಾಲ್ಕು ಒಂದಕ್ಕೊಂದು ಒತ್ತಿಕೊಂಡಿದ್ದವು. ಬೆಳವಣಿಗೆ ನಿಲ್ಲುವ ಹೊತ್ತಿಗೆ ಗೋಡೆಗಳು ಹೀಗೆ ಹತ್ತಿರ ಬರುತ್ತವೆ, ಅಂದರೆ ಪ್ರಾಯಕ್ಕೆ ಬಂದದ್ದು ಎಂದರು ಮೇಷ್ಟ್ರು. ಸುಮ್ಮನೆ ಕುತೂಹಲಕ್ಕೆ ‘ಮರಿ’ ಟ್ರೇಯಿಂದ ಒಂದನ್ನೆತ್ತಿ ನೋಡಿದರೆ ಅದರಲ್ಲೂ ಅದೇ ಒತ್ತು! ಉಬ್ಬುತಗ್ಗು ಚೆನ್ನಾಗಿ ಕಾಣಲೆಂದು ನವಸಾಗರ (ಅಮೋನಿಯಂ ಕ್ಲೋರೈಡ್) ಕಾಯಿಸಿ ಅದರ ಬಿಳಿ ಹೊಗೆ ಹಿಡಿಸಿದೆ (ಗಂಟಲು ಕೆರೆಯುತ್ತದೆ, ಕಿಟಕಿ ತೆರೆದಿಡಿ). ಬಾಯಂಚಿನಲ್ಲಿ ಕಿವಿಯಂತೆ ಮುಂಚಾಚಿದ ತುಂಡೊಂದು ಸ್ಪಷ್ಟವಾಗಿ ಎದ್ದು ಬಂತು.

ಆ ಒತ್ತು, ಈ ಕಿವಿ ಎರಡೂ ಬೆಳೆದು ಮುಗಿದದ್ದರ ಗುರುತು. ಮರಿಯಲ್ಲ, ಗಿಡ್ಡ ಬಗೆಯ ಪ್ರೌಢ ಚಿಪ್ಪು, ಬಹುಶಃ ಗಂಡು. ಇಂಥ ಗಿಡ್ಡ-ದೊಡ್ಡ ಜೋಡಿಗಳಿಗೆ ಹಿಂದೆ ಬೇರೆ ಬೇರೆ ಹೆಸರಿಡುತ್ತಿದ್ದರು. ಅವು ಒಂದೇ ಪ್ರಭೇದದ ಎರಡು ಲಿಂಗ ಎಂದು 1960ರ ದಶಕದ ಆರಂಭದಲ್ಲಿ ಅಮೊನೈಟ್ ತಜ್ಞರಾದ ಕ್ಯಾಲೊಮನ್ ಮತ್ತು ಮಕೋವ್ಸ್ಕಿ ಬೇರೆ ಬೇರೆಯಾಗಿ ವಾದಿಸಿದರು.

ಇದರ ಜೋಡಿ ಯಾವುದು? ಅದೇ ಪದರದಲ್ಲಿ ಸಿಕ್ಕ, ಒಳಸುತ್ತುಗಳು ಹೊಂದುವ ದೊಡ್ಡದನ್ನು ಹುಡುಕಬೇಕು. ಡಬ್ಬಿ ತಿರುಗಿಸಿ ನೋಡಿದೆ. ಪದರದ ಸಂಖ್ಯೆ ಇರಬೇಕಾದ ಕಡೆ ನನ್ನದೇ ಅಕ್ಷರ: ‘ಇಳಿಜಾರಿನ ಬುಡದಲ್ಲಿ ಹೆಕ್ಕಿದ್ದು.’