ವರ್ಸೇಲ್ಸ್ ಅರಮನೆ ಮತ್ತು ಉದ್ಯಾನವನ್ನು ನೋಡುವ ಕ್ರಮ

ಸೋಮವಾರ ಫ್ರಾನ್ಸಿನ ವರ್ಸೇಲ್ಸ್ ಅರಮನೆ ತೆರೆದಿರುವುದಿಲ್ಲ. ಉಳಿದ ದಿನಗಳಿಗೆ ಸಮಯ ನಿಗದಿಯಾದ ಟಿಕೆಟನ್ನು ಮುಂಗಡವಾಗಿಯೇ ಕಾಯ್ದಿರಿಸಿ.

ಒಳಗೆ ಹೋಗುವ ಮುನ್ನ ಅಮೃತಶಿಲೆಯ ಅಂಗಳದೆದುರು ನಿಂತು ಗೋಡೆಗಳನ್ನು ಗಮನಿಸಿ. ಅಲ್ಲಿ ಕಾಣುವ ಕೆಂಪು ಇಟ್ಟಿಗೆಯ ಭಾಗ ಅರಸ 13ನೇ ಲೂಯಿ ಬೇಟೆಗೆಂದು ಕಟ್ಟಿಸಿದ ಮನೆ. ಅವನ ಮಗ 14ನೇ ಲೂಯಿ ಅದನ್ನು ಕೆಡವದೆ, ವಾಸ್ತುಶಿಲ್ಪಿ ಲೂಯಿ ಲ ವೋ ಮೂಲಕ ಉಳಿದ ಮೂರು ಬದಿಗಳಲ್ಲಿ ಕಲ್ಲಿನ ಹೊಸ ಕಟ್ಟಡವನ್ನು ಹೊದಿಸಿದ. ಹೀಗಾಗಿ ಊರಿನ ಕಡೆಯಿಂದ ಮತ್ತು ಉದ್ಯಾನದ ಕಡೆಯಿಂದ ಅರಮನೆಗೆ ಎರಡು ಬೇರೆ ಮುಖಗಳಿವೆ.

ವಾಸ್ತುಶಿಲ್ಪಿ ಜೂಲ್ ಆರ್ದುವ್ಯಾಂ ಮಾನ್ಸಾರ್ 1678ರಲ್ಲಿ ಆರಂಭಿಸಿದ ಕನ್ನಡಿ ಸಭಾಂಗಣವನ್ನು ಮಧ್ಯಾಹ್ನದ ನಂತರ ನೋಡುವುದು ಒಳ್ಳೆಯದು, ಏಕೆಂದರೆ ಅದರ 17 ಕಿಟಕಿಗಳು ಪಶ್ಚಿಮಕ್ಕಿದ್ದು, ಇಳಿಬಿಸಿಲು ನೇರವಾಗಿ ಎದುರಿನ 17 ಕನ್ನಡಿ ಕಮಾನುಗಳ ಮೇಲೆ ಬೀಳುತ್ತದೆ. ಯಾವುದಾದರೊಂದು ಕಮಾನಿನ ಹತ್ತಿರ ಹೋದರೆ ಅದು ಒಂದೇ ಹಾಳೆಯಲ್ಲ, ಚಿಕ್ಕ ಚಿಕ್ಕ ಕನ್ನಡಿಗಳ ಜೋಡಣೆ ಎಂಬುದು ತಿಳಿಯುತ್ತದೆ. ಒಟ್ಟು 357 ಕನ್ನಡಿಗಳಿವೆ. ಇಲ್ಲಿ ಅವಸರ ಮಾಡಬೇಡಿ.

ಆಂದ್ರೆ ಲ ನೋತ್ರ್ ರೂಪಿಸಿದ ಉದ್ಯಾನವನ್ನು ಅರಮನೆಯ ಜಗಲಿಯ ನಡುಬಿಂದುವಿನಿಂದಲೇ ನೋಡಲು ಆರಂಭಿಸಬೇಕು. ಲಾಟೋನಾ ಕಾರಂಜಿ, ಅಪೊಲೊ ಕೊಳ, ಸುಮಾರು 1,670 ಮೀಟರ್ ಉದ್ದದ ಮಹಾಕಾಲುವೆ ಇವೆಲ್ಲ ಒಂದೇ ನೇರ ಗೆರೆಯಲ್ಲಿವೆ. ಆ ಗೆರೆಯಲ್ಲೇ ಇಳಿದು ಹೋಗಿ, ಮರಳುವಾಗ ಬದಿಯ ಮರಗಳ ನಡುವೆ ಅಡಗಿರುವ ಸಣ್ಣ ತೋಟಗಳನ್ನು ನೋಡಿ. 14ನೇ ಲೂಯಿಯ ಕಾಲದಲ್ಲಿ ಎಲ್ಲ ಕಾರಂಜಿಗಳಿಗೂ ನೀರು ಸಾಲದೆ, ಅರಸ ಸಮೀಪಿಸಿದಾಗಲಷ್ಟೇ ನೀರು ಬಿಡಲು ಕೆಲಸಗಾರರು ಸೀಟಿಯೂದಿ ಸಂಜ್ಞೆ ಕೊಡುತ್ತಿದ್ದರು. ಇಂದೂ ಕಾರಂಜಿಗಳು ವಸಂತದಿಂದ ಶರತ್ಕಾಲದವರೆಗೆ ಗೊತ್ತಾದ ದಿನಗಳಲ್ಲಿ ಮಾತ್ರ ಚಿಮ್ಮುವುದರಿಂದ, ಪ್ರಯಾಣದ ದಿನವನ್ನು ಅದಕ್ಕೆ ಹೊಂದಿಸಿಕೊಳ್ಳಿ.