ಆರ್‌ವಿ ಪಾರ್ಕಿನ ಮೂರು ಪುಟದ ಕಾಗದ

ಕ್ಯಾಲಿಫೋರ್ನಿಯಾದಲ್ಲಿ ಮೊದಲ ಸಲ ಆರ್‌ವಿ, ಅಂದರೆ ಮಲಗಲು, ಅಡುಗೆ ಮಾಡಲು ಜಾಗ ಇರುವ ಗಾಡಿ, ಬಾಡಿಗೆಗೆ ತಗೊಂಡು ಹೊರಟಿದ್ದೆವು. ಇಂಥ ಗಾಡಿ ನಿಲ್ಲಿಸಿ ತಂಗುವ ಪಾರ್ಕ್ ತಲುಪಿದಾಗ ರಾತ್ರಿ ಎಂಟು ದಾಟಿತ್ತು. ಮಕ್ಕಳಿಗೆ ಹಸಿವು, ಹಿಂದೆ ಇನ್ನೆರಡು ಗಾಡಿ ಕಾಯ್ತಾ ಇದ್ದವು. ಆಫೀಸಿನವರು ಮೂರು ಪುಟ ಮುಂದಿಟ್ಟರು. ಓದದೆ ಸುಮ್ನೆ ಸಹಿ ಹಾಕಿದೆ.

ನಮ್ಮ ಸೈಟಿನ ಪಕ್ಕ ಮೊಣಕಾಲೆತ್ತರದ ಕರೆಂಟ್ ಕಂಬ. ಇಲ್ಲಿ ಅದಕ್ಕೆ ಪೆಡೆಸ್ಟಲ್ ಅಂತಾರೆ. 30 ಆಂಪ್ ಪ್ಲಗ್ ಹಾಕಿ ಎಸಿ ಆನ್ ಮಾಡಿದೆ. ಅರ್ಧ ಗಂಟೆಗೆ ಸುಟ್ಟ ವಾಸನೆ. ಬ್ರೇಕರ್ ಆಫ್ ಮಾಡಿ ಪ್ಲಗ್ ಕಿತ್ತು ನೋಡಿದರೆ ಒಂದು ಪಿನ್ ಕಪ್ಪಾಗಿತ್ತು, ಸುತ್ತಲಿನ ರಬ್ಬರ್ ಮೆತ್ತಗಾಗಿತ್ತು. ಸಾಕೆಟ್ ಸಡಿಲವಾಗಿತ್ತು, ಅಷ್ಟೇ.

ಬೆಳಗ್ಗೆ ಕೇಳಿದರೆ ಎರಡನೇ ಪುಟ ತೋರಿಸಿದರು. ಕರೆಂಟಿನಿಂದ ಆಗುವ ಹಾನಿಗೆ ಪಾರ್ಕ್ ಹೊಣೆಯಲ್ಲ ಅಂತ ಬರೆದಿತ್ತು. ಕೆಳಗೆ ನನ್ನದೇ ಸಹಿ. ತೆಪ್ಪಗೆ ವಾಪಸ್ ಬಂದೆ.

ಮನೆಗೆ ಬಂದ ಮೇಲೆ ಕೂತು ಕಾನೂನು ಓದಿದೆ. ಆ ಕಾಗದಕ್ಕೆ ಬೆಲೆಯೇ ಇಲ್ಲ ಅಂತಲ್ಲ. ಸಾಮಾನ್ಯ ಅಜಾಗರೂಕತೆ ಆದರೆ ಕ್ಯಾಲಿಫೋರ್ನಿಯಾದ ಕೋರ್ಟುಗಳು ಇಂಥ ವೇವರನ್ನು (ಹಾನಿಯಾದರೆ ನಿಮ್ಮನ್ನು ಕೇಳಲ್ಲ ಅಂತ ಮುಂಚೆಯೇ ಬರೆದುಕೊಡುವ ಕಾಗದ) ಎಷ್ಟೋ ಸಲ ಒಪ್ಪಿವೆ. ಆದರೆ ಮೋಸ ಮಾಡಿದ್ದಕ್ಕೆ, ಬೇಕಂತಲೇ ಹಾನಿ ಮಾಡಿದ್ದಕ್ಕೆ ಅದು ರಕ್ಷಣೆ ಕೊಡಲ್ಲ. ಸಿವಿಲ್ ಕೋಡಿನ 1668ನೇ ಸೆಕ್ಷನ್ ಹೇಳೋದು ಅದನ್ನೇ. ಸಾಂತಾ ಬಾರ್ಬರಾ ನಗರದ ಬೇಸಿಗೆ ಕ್ಯಾಂಪಿನಲ್ಲಿ ಒಬ್ಬ ಹುಡುಗಿ ಈಜುಕೊಳದಲ್ಲಿ ಮುಳುಗಿ ಸತ್ತಿದ್ದಳು. ತಾಯಿ ವೇವರಿಗೆ ಸಹಿ ಹಾಕಿದ್ದರು. ಆದರೂ ತೀರಾ ಹೊಣೆಗೇಡಿತನ ಇದ್ದರೆ ಆ ಸಹಿ ಅಡ್ಡ ಬರಲ್ಲ ಅಂತ ರಾಜ್ಯದ ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿತು. ವರ್ಜೀನಿಯಾ ರಾಜ್ಯ ಇನ್ನೂ ಬಿಗಿ. ಮೈಗೆ ಪೆಟ್ಟಾದ ಕೇಸಿನಲ್ಲಿ ಮುಂಚೆ ಬರೆಸಿಕೊಂಡ ವೇವರ್ ಅಲ್ಲಿ ಸಾಮಾನ್ಯವಾಗಿ ನಡೆಯಲ್ಲ.

ಅಂದರೆ ತೊಂದರೆ ಇದೆ ಅಂತ ಪಾರ್ಕಿನವರಿಗೆ ಮೊದಲೇ ಗೊತ್ತಿತ್ತಾ ಅನ್ನೋದು ದೊಡ್ಡ ಪ್ರಶ್ನೆ, ಅಲ್ವಾ? ಹಾಗಾಗಿ ಈಗ ತೊಂದರೆ ಕಂಡರೆ ಬಾಯಲ್ಲಿ ಹೇಳಿ ಸುಮ್ಮನಾಗಲ್ಲ, ಬರೆದು ಕಳಿಸ್ತೀನಿ. ಸಹಿಗೆ ಮುಂಚೆ ಮೂರೂ ಪುಟದ ಫೋಟೋ ತಗೊಳ್ತೀನಿ. ಗಾಡಿ ಪ್ಲಗ್ ಮಾಡುವ ಮುಂಚೆ ಸರ್ಜ್ ಪ್ರೊಟೆಕ್ಟರ್ (ಕರೆಂಟ್ ಏರುಪೇರಿನಿಂದ ಗಾಡಿಯನ್ನು ಕಾಯುವ ಸಾಧನ) ಹಾಕಿ, ಕರೆಂಟ್ ಸರಿಯಿದೆ ಅಂತ ಅದರ ದೀಪ ತೋರಿಸ್ತದಾ ನೋಡ್ತೀನಿ. ಸಡಿಲ ಸಾಕೆಟ್ಟನ್ನು ಅದು ಹಿಡಿಯದೇ ಇರಬಹುದು, ಅದಕ್ಕೆ ಪ್ಲಗ್ ಅಲ್ಲಾಡ್ತದಾ ಅಂತ ಕೈಯಲ್ಲೂ ನೋಡ್ತೀನಿ.

ಹೋದ ಬೇಸಿಗೆಯಲ್ಲಿ ಇನ್ನೊಂದು ಪಾರ್ಕಿನಲ್ಲೂ ಪ್ಲಗ್ ಅಲ್ಲಾಡಿತು. ಫೋಟೋ ತೆಗೆದು, ಸೈಟ್ ನಂಬರ್ ಹಾಕಿ ಆಫೀಸಿಗೆ ಮೆಸೇಜ್ ಕಳಿಸಿದೆ. ಹತ್ತೇ ನಿಮಿಷಕ್ಕೆ ಒಬ್ಬರು ಬಂದು ಆ ಕಂಬಕ್ಕೆ ಹಳದಿ ಟೇಪ್ ಸುತ್ತಿ, ನಮಗೆ ಬೇರೆ ಸೈಟ್ ಕೊಟ್ಟರು. ಟಾಯ್ಲೆಟ್ ಪಕ್ಕದ್ದು. ಅದಕ್ಕೆ ಯಾವ ಸೆಕ್ಷನ್ನೂ ಇಲ್ಲ.